ಮಿಡಲ್ ಸ್ಕೂಲ್ ಮಕ್ಕಳ ಆಫ್ಟರ್ ಸ್ಕೂಲ್‌ಗೆ ಬಜೆಟ್ ಕಡಿತ: ಕ್ಯಾಲಿಫೋರ್ನಿಯಾದ ಕನ್ನಡಿಗ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ ಬಂತೆಂದರೆ ಕ್ಯಾಲಿಫೋರ್ನಿಯಾದ ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಮುಂದಿನ ವರ್ಷದ ಖರ್ಚಿನ ಮಾತು ಶುರುವಾಗುತ್ತದೆ. ಕೊರತೆ ಇದ್ದ ವರ್ಷ ಮೊದಲು ಕತ್ತರಿ ಬೀಳುವ ಬಾಬ್ತುಗಳಲ್ಲಿ 6, 7, 8ನೇ ತರಗತಿಯ ಮಕ್ಕಳ ಆಫ್ಟರ್ ಸ್ಕೂಲ್ (ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕ್ರಮ) ಒಂದು. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಹತ್ತಿರದಲ್ಲಿ ಅಜ್ಜಿ-ತಾತ ಇಲ್ಲದ ಮನೆಗಳಿಗೆ ಇದು ಬಹಳ ದೊಡ್ಡ ವಿಷಯ. ಇಲ್ಲಿನ ಉತ್ತರಗಳು ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಿಗೆ ಅನ್ವಯಿಸುತ್ತವೆ. ಬೇರೆ ರಾಜ್ಯದಲ್ಲಿ ಇರುವವರಿಗೆ ಫೆಡರಲ್ ಹಣ ಮತ್ತು ತೆರಿಗೆಯ ಉತ್ತರಗಳು ಮಾತ್ರ ಉಪಯೋಗಕ್ಕೆ ಬರುತ್ತವೆ.

"ಕಡಿತದ ಪ್ರಸ್ತಾಪ" ಎಂದು ಇಮೇಲ್ ಬಂದಿದೆ. ಕಾರ್ಯಕ್ರಮ ನಿಂತೇಹೋಯಿತು ಅಂದುಕೊಳ್ಳಬೇಕಾ?

ಇಲ್ಲ. ಪ್ರಸ್ತಾಪ ಸಿಬ್ಬಂದಿ ಬರೆದ ಶಿಫಾರಸು ಅಷ್ಟೆ. ಬಜೆಟ್ ಆಗುವುದು ಸ್ಕೂಲ್ ಬೋರ್ಡ್ ಮತ ಹಾಕಿದ ಮೇಲೆ, ಅದಕ್ಕೆ ಜೂನ್ 30ರವರೆಗೆ ಸಮಯವಿದೆ. ಅಷ್ಟರೊಳಗೆ ಪಟ್ಟಿ ಬದಲಾಗುವುದು ಮಾಮೂಲು.

ಆದರೆ ಪ್ರಸ್ತಾಪದಿಂದಲೇ ಹಾನಿ ಶುರುವಾಗುತ್ತದೆ ಎಂಬುದನ್ನು ಮರೆಯಬೇಡಿ. ಆಫ್ಟರ್ ಸ್ಕೂಲ್ ನಡೆಸುವವರಲ್ಲಿ ಬಹಳಷ್ಟು ಜನ ಡಿಸ್ಟ್ರಿಕ್ಟ್‌ನ ನೌಕರರಲ್ಲ. ಗುತ್ತಿಗೆ ಪಡೆದ ಲಾಭರಹಿತ ಸಂಸ್ಥೆಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ದುಡಿಯುವವರು, ಹಲವರು ಕಾಲೇಜು ವಿದ್ಯಾರ್ಥಿಗಳು. ಡಿಸ್ಟ್ರಿಕ್ಟ್‌ನ ಕಾಯಂ ನೌಕರರಿಗೆ ಲೇಆಫ್ ನೋಟಿಸ್ ಮಾರ್ಚ್ 15ರೊಳಗೆ ಕೊಡಬೇಕೆಂಬ ಕಾನೂನಿದೆ, ಇವರಿಗೆ ಆ ರಕ್ಷಣೆ ಇಲ್ಲ. ಮಾರ್ಚ್‌ನಲ್ಲಿ ಸುದ್ದಿ ಹಬ್ಬಿದರೆ ಏಪ್ರಿಲ್‌ನಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಜೂನ್‌ನಲ್ಲಿ ಬೋರ್ಡ್ ಹಣ ಉಳಿಸಿಕೊಟ್ಟರೂ ಆಗಸ್ಟ್‌ನಲ್ಲಿ ನಡೆಸಲು ಜನ ಇರುವುದಿಲ್ಲ, ಮಕ್ಕಳು ವೇಟಿಂಗ್ ಲಿಸ್ಟ್‌ನಲ್ಲಿ ನಿಲ್ಲುತ್ತಾರೆ. ಹಾಗಾಗಿ ಬೋರ್ಡ್‌ಗೆ ನಿಮ್ಮ ಮೊದಲ ಬೇಡಿಕೆ "ಕಡಿತ ಬೇಡ" ಎಂಬುದಷ್ಟೇ ಆಗಬಾರದು, "ಈ ವಿಷಯದಲ್ಲಿ ಬೇಗ ತೀರ್ಮಾನ ಮಾಡಿ" ಎಂಬುದೂ ಆಗಬೇಕು.

ನಮ್ಮ ಶಾಲೆಯ ಕಾರ್ಯಕ್ರಮಕ್ಕೆ ಹಣ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಹೇಗೆ?

ಮೊದಲು ಕೇಳಬೇಕಾದ ಪ್ರಶ್ನೆಯೇ ಇದು, ಹೆಚ್ಚಿನವರು ಕೊನೆಗೆ ಕೇಳುತ್ತಾರೆ. ಹಣದ ಮೂಲ ಗೊತ್ತಿಲ್ಲದೆ ಹೋರಾಡಿದರೆ ತಪ್ಪು ಬಾಗಿಲು ತಟ್ಟಿದಂತೆ. ಪ್ರಿನ್ಸಿಪಾಲರಿಗೋ ಕಾರ್ಯಕ್ರಮದ ಸೈಟ್ ಕೋಆರ್ಡಿನೇಟರ್‌ಗೋ ಒಂದು ಸಾಲಿನ ಇಮೇಲ್ ಬರೆಯಿರಿ: "ಈ ಕಾರ್ಯಕ್ರಮಕ್ಕೆ ಯಾವ ಗ್ರ್ಯಾಂಟ್, ಅದು ಯಾವ ವರ್ಷ ಮುಗಿಯುತ್ತದೆ?" ಉತ್ತರ ಸಾಮಾನ್ಯವಾಗಿ ಇವುಗಳಲ್ಲಿ ಒಂದೋ ಎರಡೋ ಆಗಿರುತ್ತದೆ.

ಎ.ಎಸ್.ಇ.ಎಸ್. (ಆಫ್ಟರ್ ಸ್ಕೂಲ್ ಎಜುಕೇಷನ್ ಅಂಡ್ ಸೇಫ್ಟಿ): ರಾಜ್ಯದ ಹಣ. 2002ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 49 ಇದರ ತಾಯಿಬೇರು. ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗವರ್ನರ್ ಆಗುವ ಮೊದಲು ಮುಂದೆ ನಿಂತು ಗೆಲ್ಲಿಸಿದ ಕಾನೂನು ಇದು. ವರ್ಷಕ್ಕೆ 55 ಕೋಟಿ ಡಾಲರ್ ಖಾತರಿ ಎಂದು ಅದರಲ್ಲೇ ಬರೆದಿರುವುದರಿಂದ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದವರು ಆ ಮೂಲ ಮೊತ್ತಕ್ಕೆ ಸುಲಭವಾಗಿ ಕೈ ಹಾಕುವಂತಿಲ್ಲ.

ಟ್ವೆಂಟಿ ಫಸ್ಟ್ ಸೆಂಚುರಿ ಕಮ್ಯುನಿಟಿ ಲರ್ನಿಂಗ್ ಸೆಂಟರ್ಸ್: ಫೆಡರಲ್ ಹಣ, ರಾಜ್ಯದ ಮೂಲಕ ಬರುತ್ತದೆ. ಮೂರರಿಂದ ಐದು ವರ್ಷದ ಗ್ರ್ಯಾಂಟ್, ಆಮೇಲೆ ಹೊಸದಾಗಿ ಸ್ಪರ್ಧಿಸಬೇಕು. ಬಹಳ ಕಡೆ "ಕಡಿತ" ಎಂದು ಕೇಳಿಬರುವುದು ನಿಜದಲ್ಲಿ ಗ್ರ್ಯಾಂಟ್‌ನ ಅವಧಿ ಮುಗಿದಿರುವುದು.

ಇ.ಎಲ್.ಒ.ಪಿ. (ಎಕ್ಸ್ಪಾಂಡೆಡ್ ಲರ್ನಿಂಗ್ ಆಪರ್ಚುನಿಟೀಸ್ ಪ್ರೋಗ್ರಾಂ): 2021ರಲ್ಲಿ ಶುರುವಾದ ರಾಜ್ಯದ ದೊಡ್ಡ ಯೋಜನೆ. ಟಿ.ಕೆ.ಯಿಂದ (ಕಿಂಡರ್ಗಾರ್ಟನ್ಗೆ ಮೊದಲಿನ ವರ್ಷ) 6ನೇ ತರಗತಿಯವರೆಗೆ ಮಾತ್ರ.

ಕೋವಿಡ್ ಪರಿಹಾರ ನಿಧಿ: 2021ರ ಮಾರ್ಚ್‌ನಲ್ಲಿ ಅಮೆರಿಕದ ಶಾಲೆಗಳಿಗೆ ಮಂಜೂರಾದ ಸುಮಾರು 122 ಬಿಲಿಯನ್ ಡಾಲರ್‌ನ ಪಾಲು. ಈ ಹಣವನ್ನು ಯಾವುದಕ್ಕೆ ಎಂದು ಗೊತ್ತುಮಾಡಲು 2024ರ ಸೆಪ್ಟೆಂಬರ್ 30 ಕಡೆಯ ದಿನವಾಗಿತ್ತು. ಇದರಿಂದ ಹುಟ್ಟಿದ ಕಾರ್ಯಕ್ರಮಕ್ಕೆ ಈಗ ಬೇರೆ ಮೂಲ ಹುಡುಕಲೇಬೇಕು, ಹಳೆಯದಕ್ಕಾಗಿ ಜಗಳವಾಡಿ ಫಲವಿಲ್ಲ.

ಇನ್ನು ಫ್ರೀಮಾಂಟ್, ಕ್ಯೂಪರ್ಟಿನೊ, ಸ್ಯಾನ್ ರಮೋನ್ ಕಡೆಯ ಹಲವು ಮಿಡಲ್ ಸ್ಕೂಲ್‌ಗಳಲ್ಲಿ ಎ.ಎಸ್.ಇ.ಎಸ್., ಟ್ವೆಂಟಿ ಫಸ್ಟ್ ಸೆಂಚುರಿ ಎರಡೂ ಇರುವುದಿಲ್ಲ. ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗೆ ಆದ್ಯತೆ ಎಂಬ ನಿಯಮ ಅದಕ್ಕೆ ಕಾರಣ. ಅಲ್ಲಿ ಸಂಜೆ ನಡೆಯುವುದು ನೀವು ಕಟ್ಟುವ ಫೀ, ನಗರದ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಇಲಾಖೆ, ಪಿ.ಟಿ.ಎ. (ಪೋಷಕ-ಶಿಕ್ಷಕರ ಸಂಘ) ದೇಣಿಗೆ, ಕ್ಲಬ್ ನಡೆಸುವ ಟೀಚರ್‌ಗೆ ಕೊಡುವ ಸ್ಟೈಪೆಂಡ್ ಇವುಗಳಿಂದ. ನಗರದ ಕಾರ್ಯಕ್ರಮವಾದರೆ ಸ್ಕೂಲ್ ಬೋರ್ಡ್ ಮುಂದೆ ಮಾತಾಡಿ ಪ್ರಯೋಜನವಿಲ್ಲ, ಸಿಟಿ ಕೌನ್ಸಿಲ್‌ಗೆ ಹೋಗಬೇಕು.

ಎಲಿಮೆಂಟರಿ ಉಳಿದು ಮಿಡಲ್ ಸ್ಕೂಲ್‌ಗೇ ಯಾಕೆ ಕತ್ತರಿ?

ಮೂರು ಕಾರಣ. ಮೊದಲನೆಯದು ಈಗಷ್ಟೇ ಹೇಳಿದ್ದು: ಇ.ಎಲ್.ಒ.ಪಿ. ಹಣ 6ನೇ ತರಗತಿಗೆ ನಿಲ್ಲುತ್ತದೆ. ಒಂದೇ ಮಿಡಲ್ ಸ್ಕೂಲ್‌ನಲ್ಲಿ 6ನೇ ತರಗತಿಯ ತಮ್ಮನಿಗೆ ಸೀಟು, 7ನೇ ತರಗತಿಯ ಅಕ್ಕನಿಗೆ ಇಲ್ಲ ಎಂಬ ಪರಿಸ್ಥಿತಿ ಬರುವುದು ಇದರಿಂದಲೇ.

ಎರಡನೆಯದು ಹಾಜರಿ. ಎಂಟು ವರ್ಷದ ಮಗುವನ್ನು ಅಪ್ಪ-ಅಮ್ಮ ಬಂದು ಕರೆದೊಯ್ಯುವವರೆಗೆ ಅದು ಅಲ್ಲೇ ಇರುತ್ತದೆ. ಹದಿಮೂರರ ಮಗುವಿಗೆ ಬಾಸ್ಕೆಟ್‌ಬಾಲ್ ಇರುತ್ತದೆ, ಬ್ಯಾಂಡ್ ಇರುತ್ತದೆ, ಗೆಳೆಯರ ಜತೆ ನಡೆದು ಮನೆಗೆ ಹೋಗುವ ಆಸೆ ಇರುತ್ತದೆ. ಗ್ರ್ಯಾಂಟ್ ಬರುವುದು ತಲೆ ಎಣಿಸಿ. ಎ.ಎಸ್.ಇ.ಎಸ್. ನಿಯಮದ ಆಶಯವೇ ಇದನ್ನು ಒಪ್ಪುತ್ತದೆ: ಎಲಿಮೆಂಟರಿ ಮಕ್ಕಳು ದಿನವೂ ಪೂರ್ತಿ ಇರಬೇಕು, ಮಿಡಲ್ ಸ್ಕೂಲ್‌ನವರು ವಾರಕ್ಕೆ ಕನಿಷ್ಠ 3 ದಿನ, 9 ಗಂಟೆ ಇದ್ದರೆ ಸಾಕು. ಸಡಿಲಿಕೆ ಮಕ್ಕಳ ದೃಷ್ಟಿಯಿಂದ ಒಳ್ಳೆಯದೇ, ಆದರೆ ಬಾರದ ದಿನದ ಹಣವೂ ಬರುವುದಿಲ್ಲ.

ಮೂರನೆಯದು "ಈ ವಯಸ್ಸಿನ ಮಕ್ಕಳು ಮನೆಯಲ್ಲಿ ಒಬ್ಬರೇ ಇರಬಲ್ಲರು" ಎಂಬ ನಂಬಿಕೆ. ಇದನ್ನು ಬಲವಾಗಿ ವಿರೋಧಿಸಬೇಕು. ಶಾಲೆಯಿರುವ ದಿನಗಳಲ್ಲಿ ಹದಿಹರೆಯದವರು ಸಿಕ್ಕಿಬೀಳುವ ಹಿಂಸೆಯ ಪ್ರಕರಣಗಳು ಶಾಲೆ ಬಿಟ್ಟ ಹೊತ್ತಿನಲ್ಲೇ ಶಿಖರ ಮುಟ್ಟುತ್ತವೆ ಎಂಬುದು ಅಮೆರಿಕದ ನ್ಯಾಯ ಇಲಾಖೆ ಹಿಂದಿನಿಂದಲೂ ತೋರಿಸುತ್ತ ಬಂದ ಅಂಕಿಅಂಶ. ನೋಡಿಕೊಳ್ಳುವವರು ಬೇಡ ಎನ್ನುವ ವಯಸ್ಸಲ್ಲ ಅದು, ಬೇರೆ ರೀತಿಯಲ್ಲಿ ನೋಡಿಕೊಳ್ಳಬೇಕಾದ ವಯಸ್ಸು.

"ನಾವು ಹಣ ಕಡಿಮೆ ಮಾಡಿಲ್ಲ, ಹೋದ ವರ್ಷದಷ್ಟೇ ಇದೆ" ಎನ್ನುತ್ತಾರೆ. ಮತ್ತೆ ಸೀಟು ಯಾಕೆ ಕಡಿಮೆಯಾಯಿತು?

ಅಷ್ಟೇ ಇರುವುದೇ ಕಡಿತ. ಬಜೆಟ್ ಪುಸ್ತಕದಲ್ಲಿ "ಕಡಿತ" ಎಂಬ ಪದವೇ ಇಲ್ಲದೆ ಆಗುವ ಕಡಿತ ಇದು. ಹೆಚ್ಚು ಕಾರ್ಯಕ್ರಮಗಳು ಸೊರಗಿರುವುದು ಹೀಗೆಯೇ.

ಪ್ರೊಪೊಸಿಷನ್ 49 ಖಾತರಿಪಡಿಸಿದ ಮೊತ್ತಕ್ಕೆ ಬೆಲೆ ಏರಿಕೆಯ ಹೊಂದಾಣಿಕೆ ಇಲ್ಲ. ಬಹಳ ವರ್ಷ ಎ.ಎಸ್.ಇ.ಎಸ್. ದರ ಒಂದು ಮಗುವಿಗೆ ದಿನಕ್ಕೆ 7.50 ಡಾಲರ್ ಇತ್ತು. 2007ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನವೂ ಗಂಟೆಗೆ 7.50 ಡಾಲರ್. ಅಂದರೆ ಒಂದು ಮಗು ಒಂದು ದಿನ ಬಂದರೆ ಒಬ್ಬ ಕೆಲಸಗಾರರ ಒಂದು ಗಂಟೆಯ ಕೂಲಿ ಹುಟ್ಟುತ್ತಿತ್ತು. ಆಮೇಲೆ ದರ 8.19, 8.88 ಆಗಿ 2021-22ರಲ್ಲಿ 10.18ಕ್ಕೆ ಬಂತು. ಕನಿಷ್ಠ ವೇತನ 2026ರ ಜನವರಿಯಿಂದ 16.90. ಆ ದರದ ಲೆಕ್ಕದಲ್ಲಿ ಒಂದು ಮಗುವಿನ ಒಂದು ದಿನದ ಹಣಕ್ಕೆ ಈಗ 36 ನಿಮಿಷದ ಕೆಲಸ ಸಿಗುತ್ತದೆ.

ಒಂದು ಸೈಟ್‌ನ ಲೆಕ್ಕ ಹಾಕಿ ನೋಡೋಣ. ಕೂಲಿಯ ಅಂಕಿಗಳು ಉದಾಹರಣೆಗಾಗಿ, ನಿಮ್ಮ ಊರಿನದನ್ನು ಹಾಕಿಕೊಳ್ಳಿ. 80 ಮಕ್ಕಳು ಬಂದರೆ ದಿನಕ್ಕೆ 814 ಡಾಲರ್ ಆದಾಯ. 20 ಮಕ್ಕಳಿಗೆ ಒಬ್ಬರು ಇರಲೇಬೇಕೆಂಬ ನಿಯಮದಂತೆ 4 ಜನ, ತಲಾ 4 ಗಂಟೆ, ಗಂಟೆಗೆ 20 ಡಾಲರ್‌ನಂತೆ 320. ಕೋಆರ್ಡಿನೇಟರ್‌ಗೆ 8 ಗಂಟೆಗೆ 28ರಂತೆ 224. ಇದರ ಮೇಲೆ ಪೇರೋಲ್ ತೆರಿಗೆ, ವಿಮೆ ಎಂದು ಶೇ. 15 ಸೇರಿದರೆ ಸುಮಾರು 626. ಆಡಳಿತ ವೆಚ್ಚಕ್ಕೆ ನಿಯಮ ಬಿಡುವ ಗರಿಷ್ಠ ಶೇ. 15 ಅಂದರೆ 122. ಪೇಂಟ್, ರೋಬೊಟಿಕ್ಸ್ ಕಿಟ್, ಚೆಂಡು, ಫೀಲ್ಡ್ ಟ್ರಿಪ್ ಎಲ್ಲಕ್ಕೂ ಉಳಿಯುವುದು ದಿನಕ್ಕೆ 66 ಡಾಲರ್.

ಈಗ ಹಾಜರಿ 60ಕ್ಕೆ ಇಳಿಯಲಿ. ಆದಾಯ 611. ಸಿಬ್ಬಂದಿ 3 ಜನ, ಆದರೆ ಕೋಆರ್ಡಿನೇಟರ್ ಒಬ್ಬರು ಬೇಕೇ ಬೇಕು: ಸಂಬಳ-ತೆರಿಗೆ 534, ಆಡಳಿತ 92, ಒಟ್ಟು 626. ದಿನಕ್ಕೆ 15 ಡಾಲರ್ ನಷ್ಟ. ಕಾಲು ಭಾಗ ಮಕ್ಕಳು ಕಡಿಮೆಯಾದರೆ ಕಾಲು ಭಾಗ ಖರ್ಚು ಕಡಿಮೆಯಾಗುವುದಿಲ್ಲ. ಸಣ್ಣ ಶಾಲೆಯ ಕಾರ್ಯಕ್ರಮ ಮೊದಲು ಮುಚ್ಚುವುದು ಈ ಕಾರಣಕ್ಕೆ. ಜತೆಗೆ ಗ್ರ್ಯಾಂಟ್‌ನ ಮೂರನೇ ಒಂದು ಭಾಗದಷ್ಟು ಸ್ಥಳೀಯ ಪಾಲನ್ನು ಡಿಸ್ಟ್ರಿಕ್ಟ್ ನಗದಾಗಿಯೋ ಸೇವೆಯಾಗಿಯೋ ತೋರಿಸಬೇಕು. ಕೊರತೆಯ ವರ್ಷದಲ್ಲಿ ಆ ಪಾಲೇ ಅಲುಗಾಡುತ್ತದೆ.

ವಾಷಿಂಗ್ಟನ್‌ನಲ್ಲಿ ಹಣ ಪೂರ್ತಿ ತೆಗೆದುಹಾಕುತ್ತಾರಂತೆ, ನಿಜವೇ?

ಪ್ರಸ್ತಾಪ ನಿಜ, ಅದು ಹಲವು ಸಲ ಬಂದಿದೆ. ಟ್ವೆಂಟಿ ಫಸ್ಟ್ ಸೆಂಚುರಿ ಯೋಜನೆಗೆ ಸೊನ್ನೆ ಎಂದು 2018, 2019, 2020, 2021 ಈ ನಾಲ್ಕೂ ಆರ್ಥಿಕ ವರ್ಷಗಳ ಅಧ್ಯಕ್ಷೀಯ ಬಜೆಟ್‌ನಲ್ಲಿ ಬರೆದಿತ್ತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ನಾಲ್ಕು ಸಲವೂ ಒಪ್ಪಲಿಲ್ಲ. 2017ರಲ್ಲಿ ಸುಮಾರು 1.19 ಬಿಲಿಯನ್ ಡಾಲರ್ ಇದ್ದದ್ದು 2023ಕ್ಕೆ 1.33 ಬಿಲಿಯನ್ ಆಯಿತು. 2026ರ ಬಜೆಟ್ ಪ್ರಸ್ತಾಪದಲ್ಲಿ ಇದನ್ನು ಬೇರೆ ಹಲವು ಯೋಜನೆಗಳ ಜತೆ ಕಲಸಿ ಚಿಕ್ಕದೊಂದು ಗಂಟು ಮಾಡಿ ರಾಜ್ಯಗಳಿಗೆ ಕೊಡುವ ಮಾತು ಬಂತು.

ಪ್ರಸ್ತಾಪಕ್ಕಿಂತ ಹೆಚ್ಚು ನೋವು ಕೊಟ್ಟದ್ದು 2025ರ ಜುಲೈ. ಕಾಂಗ್ರೆಸ್ ಆಗಲೇ ಮಂಜೂರು ಮಾಡಿದ್ದ ಹಣ ಜುಲೈ 1ರಂದು ರಾಜ್ಯಗಳಿಗೆ ಬರಬೇಕಿತ್ತು, "ಪರಿಶೀಲನೆಯಲ್ಲಿದೆ" ಎಂದು ತಡೆಹಿಡಿದರು. ಆಫ್ಟರ್ ಸ್ಕೂಲ್‌ನ ಪಾಲು ಬಿಡುಗಡೆಯಾದದ್ದು ಆ ತಿಂಗಳ ಮೂರನೇ ವಾರದಲ್ಲಿ. ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಕಡೆ ಸಿಬ್ಬಂದಿಯನ್ನು ತೆಗೆದುಕೊಳ್ಳುವ ಹೊತ್ತು ಅದೇ. ಹಾಗಾಗಿ ನಿಮ್ಮ ಡಿಸ್ಟ್ರಿಕ್ಟ್‌ಗೆ ಕೇಳಿ: ಫೆಡರಲ್ ಹಣ ಎರಡು ತಿಂಗಳು ತಡವಾದರೆ ಕಾರ್ಯಕ್ರಮವನ್ನು ಯಾವ ನಿಧಿಯಿಂದ ನಡೆಸುತ್ತೀರಿ?

ನಾವು ಯಾವಾಗ ದನಿ ಎತ್ತಬೇಕು?

ಜೂನ್‌ನಲ್ಲಿ ಅಲ್ಲ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಡಿಸೆಂಬರ್ 15ರ ಸುಮಾರಿಗೆ ಬರುವ ಮೊದಲ ಮಧ್ಯಂತರ ಹಣಕಾಸು ವರದಿ ಓದಿ. ಅದರಲ್ಲಿ ಡಿಸ್ಟ್ರಿಕ್ಟ್ ತನ್ನನ್ನು ಪಾಸಿಟಿವ್ (ಖರ್ಚು ಭರಿಸಬಲ್ಲೆ), ಕ್ವಾಲಿಫೈಡ್ (ಭರಿಸಲಾಗದೇ ಹೋಗಬಹುದು), ನೆಗೆಟಿವ್ (ಭರಿಸಲಾರೆ) ಎಂದು ಗುರುತಿಸಿಕೊಳ್ಳಬೇಕು. ಕೊನೆಯ ಎರಡರಲ್ಲಿ ಒಂದು ಬಂದರೆ ಕತ್ತರಿ ಸಿದ್ಧವಾಗಿದೆ ಎಂದೇ ಅರ್ಥ. ಜನವರಿ 10ರೊಳಗೆ ಗವರ್ನರ್ ಬಜೆಟ್. ಫೆಬ್ರವರಿಯಲ್ಲಿ ಬೋರ್ಡ್ ಕಡಿತದ ಪಟ್ಟಿ ಚರ್ಚಿಸುತ್ತದೆ, ಮಾರ್ಚ್ 15ರ ನೋಟಿಸ್‌ಗೆ ಮೊದಲು ಅವರಿಗೆ ತೀರ್ಮಾನ ಬೇಕು. ಈ ಆರು ವಾರಗಳೇ ನಿಮ್ಮ ಸಮಯ. ಮೇ 14ರೊಳಗೆ ಗವರ್ನರ್ ಪರಿಷ್ಕೃತ ಬಜೆಟ್, ಜೂನ್ 15ರೊಳಗೆ ಶಾಸನಸಭೆಯ ಮತ.

ಎಲ್‌ಕ್ಯಾಪ್ ಎಂಬ ದಾಖಲೆಯನ್ನೂ ಗಮನಿಸಿ. ಹಣ ಯಾವ ಗುರಿಗೆ ಎಂದು ಡಿಸ್ಟ್ರಿಕ್ಟ್ ಬರೆದುಕೊಡುವ ಯೋಜನೆ ಅದು. ಅದಕ್ಕೆ ಒಂದು ಸಭೆಯಲ್ಲಿ ಸಾರ್ವಜನಿಕ ವಿಚಾರಣೆ, ಇನ್ನೊಂದು ಸಭೆಯಲ್ಲಿ ಮತ ಆಗಬೇಕು. ಪೋಷಕರ ಸಲಹಾ ಸಮಿತಿಯೂ ಇರುತ್ತದೆ. ಆ ಸಮಿತಿಗೆ ಸೇರಲು ಹೆಚ್ಚು ಜನ ಬರುವುದೇ ಇಲ್ಲ, ನೀವು ಹೋಗಿ.

ಬೋರ್ಡ್ ಸಭೆಯಲ್ಲಿ ಮಾತಾಡುವುದು ಹೇಗೆ? ಏನು ಹೇಳಬೇಕು?

ಬ್ರೌನ್ ಆ್ಯಕ್ಟ್ (ಸ್ಥಳೀಯ ಮಂಡಳಿಗಳ ಸಭೆ ಬಹಿರಂಗವಾಗಿರಬೇಕೆಂಬ ರಾಜ್ಯದ ಕಾನೂನು) ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲು ಪ್ರಕಟಿಸಬೇಕು. ಅದರಲ್ಲಿ ನಿಮ್ಮ ವಿಷಯದ ಐಟಂ ನಂಬರ್ ಹುಡುಕಿ. ಎಷ್ಟೋ ಸಲ ಆಫ್ಟರ್ ಸ್ಕೂಲ್ ಗುತ್ತಿಗೆ "ಕನ್ಸೆಂಟ್ ಕ್ಯಾಲೆಂಡರ್" ಎಂಬ ಗೊಂಚಲಿನಲ್ಲಿ ಅಡಗಿರುತ್ತದೆ. ಗೊಂಚಲನ್ನು ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಮುಗಿಸುತ್ತಾರೆ. ಆ ಐಟಂ ಅನ್ನು ಪ್ರತ್ಯೇಕವಾಗಿ ಚರ್ಚಿಸಿ ಎಂದು ಮೊದಲೇ ಬೋರ್ಡ್ ಸದಸ್ಯರೊಬ್ಬರಿಗೆ ಬರೆಯಿರಿ. ಅಜೆಂಡಾದಲ್ಲಿ ಇಲ್ಲದ ವಿಷಯದ ಬಗ್ಗೆಯೂ ಮಾತಾಡಬಹುದು, ಆದರೆ ಬೋರ್ಡ್ ಅಂದು ತೀರ್ಮಾನ ತೆಗೆದುಕೊಳ್ಳುವಂತಿಲ್ಲ.

ಸಿಗುವುದು ಎರಡು-ಮೂರು ನಿಮಿಷ, ಜನ ಹೆಚ್ಚಿದ್ದರೆ ಒಂದೇ. ಶಾಲೆ, ಮಗುವಿನ ತರಗತಿ, ವಾರಕ್ಕೆ ಎಷ್ಟು ದಿನ ಹೋಗುತ್ತದೆ, ಶಾಲೆ ಎಷ್ಟಕ್ಕೆ ಬಿಡುತ್ತದೆ, ನೀವು ಮನೆ ಮುಟ್ಟುವುದು ಎಷ್ಟಕ್ಕೆ, ಇವಿಷ್ಟನ್ನು ಮೊದಲ ಮೂವತ್ತು ಸೆಕೆಂಡಿನಲ್ಲಿ ಹೇಳಿ. ಆಮೇಲೆ ಒಂದೇ ಒಂದು ಬೇಡಿಕೆ. "ಶಿಕ್ಷಣ ಮುಖ್ಯ" ಎಂಬ ಮಾತನ್ನು ಅವರು ಆ ಸಂಜೆ ಇಪ್ಪತ್ತು ಸಲ ಕೇಳಿರುತ್ತಾರೆ. "ಶಾಲೆ 2:45ಕ್ಕೆ ಬಿಡುತ್ತದೆ, ನಮ್ಮ ಶಿಫ್ಟ್ 5:30ಕ್ಕೆ ಮುಗಿಯುತ್ತದೆ, ನಡುವಿನ ಹೊತ್ತಿಗೆ ನಿಮ್ಮ ಯೋಜನೆಯಲ್ಲಿ ಏನಿದೆ?" ಎಂಬುದಕ್ಕೆ ಅವರು ಉತ್ತರ ಹುಡುಕಲೇಬೇಕು. ಹತ್ತು ಜನ ಒಂದೇ ಪತ್ರ ಓದುವುದಕ್ಕಿಂತ ಹತ್ತು ಮನೆಯ ಹತ್ತು ಬೇರೆ ವೇಳಾಪಟ್ಟಿ ಹೇಳುವುದು ಹೆಚ್ಚು ನಾಟುತ್ತದೆ. ಮಕ್ಕಳೇ ಬಂದು ಮಾತಾಡಿದರೆ ಇನ್ನೂ ಒಳ್ಳೆಯದು.

ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ ಮಾತಾಡಬಹುದಾ?

ಧಾರಾಳವಾಗಿ. ಅನುವಾದಕರ ಮೂಲಕ ಮಾತಾಡುವವರಿಗೆ ಸಮಯದ ಮಿತಿಯ ಕನಿಷ್ಠ ಎರಡರಷ್ಟು ಕೊಡಬೇಕೆಂದು ಬ್ರೌನ್ ಆ್ಯಕ್ಟ್‌ನಲ್ಲೇ ಇದೆ. ಎರಡು ನಿಮಿಷವಿದ್ದರೆ ನಾಲ್ಕು ನಿಮಿಷ. ಮಾತಾಡುತ್ತಿದ್ದಂತೆಯೇ ಅನುವಾದಿಸುವ ಉಪಕರಣ ಅಲ್ಲಿದ್ದರೆ ಮಾತ್ರ ಇದು ಅನ್ವಯಿಸದು. ಕನ್ನಡ ಅನುವಾದಕರು ಡಿಸ್ಟ್ರಿಕ್ಟ್‌ನಲ್ಲಿ ಸಿಗುವುದು ಕಷ್ಟ, ನೀವೇ ಪಕ್ಕದಲ್ಲಿ ನಿಂತು ಹೇಳಿ.

ನಾವು ಎಚ್-1ಬಿ ಮೇಲೆ ಇದ್ದೇವೆ. ಸಿಟಿಜನ್ ಅಲ್ಲದವರು ಇದರಲ್ಲಿ ತಲೆ ಹಾಕಬಹುದಾ?

ಸಭೆಯಲ್ಲಿ ಮಾತಾಡಲು ಪೌರತ್ವ ಬೇಡ. ಹೆಸರು ಹೇಳುವುದನ್ನೂ ಷರತ್ತು ಮಾಡುವಂತಿಲ್ಲ, ಸೈನ್-ಇನ್ ಹಾಳೆ ಐಚ್ಛಿಕ. ಇಮೇಲ್ ಬರೆಯುವುದು, ಪೋಷಕರ ಸಮಿತಿಯಲ್ಲಿ ಕೂರುವುದು ಎಲ್ಲವೂ ಸರಿಯೇ.

ಡಿಸ್ಟ್ರಿಕ್ಟ್ ಸರಿಯಾಗಿ ಉತ್ತರಿಸುತ್ತಿಲ್ಲ. ದಾಖಲೆ ಪಡೆಯುವುದು ಹೇಗೆ?

ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್ ಅಡಿಯಲ್ಲಿ ಇಮೇಲ್‌ನಲ್ಲೇ ಅರ್ಜಿ ಹಾಕಿ. ನಮ್ಮೂರಿನ ಆರ್‌ಟಿಐ ಇದ್ದಂತೆ. ಕೊಡುತ್ತೇವೋ ಇಲ್ಲವೋ ಎಂದು 10 ದಿನದೊಳಗೆ ತಿಳಿಸಬೇಕು, ವಿಶೇಷ ಸಂದರ್ಭದಲ್ಲಿ ಇನ್ನೂ 14 ದಿನ ತೆಗೆದುಕೊಳ್ಳಬಹುದು. "ಆಫ್ಟರ್ ಸ್ಕೂಲ್ ಕುರಿತ ಎಲ್ಲ ದಾಖಲೆ" ಎಂದು ಬರೆದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಹೀಗೆ ಕೇಳಿ: ಈ ಶಾಲೆಯ ಗ್ರ್ಯಾಂಟ್ ಮಂಜೂರಾತಿ ಪತ್ರ, ಕಳೆದ ಎರಡು ವರ್ಷದ ಹಾಜರಿ ವರದಿ, ಗುತ್ತಿಗೆ ಸಂಸ್ಥೆಯ ಜತೆಗಿನ ಒಪ್ಪಂದ, ವೇಟಿಂಗ್ ಲಿಸ್ಟ್‌ನಲ್ಲಿರುವ ಮಕ್ಕಳ ಸಂಖ್ಯೆ. ವೇಟಿಂಗ್ ಲಿಸ್ಟ್ ಉದ್ದವಿದ್ದೂ ಹಾಜರಿ ಕಡಿಮೆ ಎಂದಾದರೆ ತಪ್ಪು ನಿರ್ವಹಣೆಯದ್ದು. ಅದು ನಿಮ್ಮ ಕೈಯಲ್ಲಿರುವ ಅತಿ ಬಲವಾದ ವಾದ.

ಊಟ ಎಲ್ಲರಿಗೂ ಉಚಿತ ಅಲ್ಲವಾ? ಆದಾಯದ ಫಾರ್ಮ್ ಯಾಕೆ ತುಂಬಬೇಕು?

ದಯವಿಟ್ಟು ತುಂಬಿ. 2022ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಊಟ ಎಲ್ಲರಿಗೂ ಉಚಿತವಾದ ಮೇಲೆ ಬಹಳ ಮನೆಗಳು ಫಾರ್ಮ್ ವಾಪಸು ಕೊಡುವುದನ್ನೇ ಬಿಟ್ಟಿವೆ. ಕಡಿಮೆ ಆದಾಯದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಫೋಸ್ಟರ್ ಮಕ್ಕಳು (ಸರ್ಕಾರ ಬೇರೆ ಮನೆಯಲ್ಲಿ ಸಾಕಲು ಬಿಟ್ಟವರು) ಎಷ್ಟಿದ್ದಾರೆ ಎಂಬ ಲೆಕ್ಕದ ಮೇಲೆ ರಾಜ್ಯ ಹೆಚ್ಚುವರಿ ಹಣ ಕೊಡುತ್ತದೆ: ಅಂಥ ಪ್ರತಿ ಮಗುವಿಗೂ ಮೂಲ ದರದ ಶೇ. 20 ಹೆಚ್ಚು. ಲೆಕ್ಕ ತೆಗೆಯುವ ದಿನ ಅಕ್ಟೋಬರ್‌ನ ಮೊದಲ ಬುಧವಾರ. ಫಾರ್ಮ್ ಬಾರದಿದ್ದರೆ ಆ ಮಗು ಲೆಕ್ಕಕ್ಕಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಪರೀಕ್ಷೆಯಲ್ಲಿ ಇಂಗ್ಲಿಷ್ ಕಲಿಕೆಯ ಗುಂಪಿಗೆ ಬಂದಿದ್ದರೆ ಆದಾಯ ಎಷ್ಟೇ ಇರಲಿ ಆ ಲೆಕ್ಕಕ್ಕೆ ಸೇರುತ್ತದೆ.

ಪೂರ್ತಿ ಉಳಿಸಲು ಆಗದಿದ್ದರೆ ಏನು ಒಪ್ಪಿಕೊಳ್ಳಬಹುದು, ಏನನ್ನು ಒಪ್ಪಬಾರದು?

ಸಮಯ ಕತ್ತರಿಸುವುದನ್ನು ಒಪ್ಪಬೇಡಿ. ಎ.ಎಸ್.ಇ.ಎಸ್. ಕಾರ್ಯಕ್ರಮ ಶಾಲೆ ಬಿಟ್ಟ ಕೂಡಲೇ ಶುರುವಾಗಿ ಪ್ರತಿ ಶಾಲಾ ದಿನವೂ ಕನಿಷ್ಠ ಸಂಜೆ 6ರವರೆಗೆ, ವಾರಕ್ಕೆ ಕನಿಷ್ಠ 15 ಗಂಟೆ ನಡೆಯಬೇಕು ಎಂಬುದು ಗ್ರ್ಯಾಂಟ್‌ನ ಷರತ್ತು. "5ಕ್ಕೆ ಮುಚ್ಚುತ್ತೇವೆ" ಎಂದರೆ ಗ್ರ್ಯಾಂಟೇ ಅಪಾಯಕ್ಕೆ ಬೀಳುತ್ತದೆ. 20ಕ್ಕೆ ಒಬ್ಬರು ಎಂಬ ಪ್ರಮಾಣವೂ ಹಾಗೆಯೇ.

ಫೀ ಹಾಕುವುದಾದರೆ ಆದಾಯಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇರಲಿ. ಕಟ್ಟಲಾಗದ ಮಗುವನ್ನು ಹೊರಗಿಡುವಂತಿಲ್ಲ. ನೆಲೆಯಿಲ್ಲದ ಮತ್ತು ಫೋಸ್ಟರ್ ಮಕ್ಕಳಿಂದ ಫೀ ತೆಗೆದುಕೊಳ್ಳುವಂತಿಲ್ಲ, ಸೀಟು ಹಂಚುವಾಗಲೂ ಮೊದಲ ಆದ್ಯತೆ ಅವರಿಗೆ ಮತ್ತು ಕಡಿಮೆ ಆದಾಯದ ಮನೆಯ ಮಕ್ಕಳಿಗೆ. ಎರಡು ಸಣ್ಣ ಶಾಲೆಗಳ ಕಾರ್ಯಕ್ರಮ ಒಂದೇ ಕಡೆ ಸೇರಿಸುವ ಸಲಹೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಡುವಿನ ಬಸ್‌ಗೆ ಹಣ ಇಟ್ಟಿದ್ದಾರಾ ಎಂದು ಮೊದಲು ಕೇಳಿ, ಬಸ್ ಇಲ್ಲದಿದ್ದರೆ ಮಕ್ಕಳು ಬರುವುದಿಲ್ಲ.

13 ವರ್ಷದ ಮಗುವನ್ನು ಮನೆಯಲ್ಲಿ ಒಬ್ಬರೇ ಬಿಡುವುದು ಕಾನೂನುಬಾಹಿರವೇ?

ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ವಯಸ್ಸು ಎಂದು ಕಾನೂನು ಗೊತ್ತುಮಾಡಿಲ್ಲ. ಅಪಾಯಕ್ಕೆ ಒಡ್ಡಿದರೆ ಮಾತ್ರ ನಿರ್ಲಕ್ಷ್ಯದ ಪ್ರಶ್ನೆ ಬರುತ್ತದೆ. ಸೀಟು ಸಿಗದ ತಿಂಗಳುಗಳಲ್ಲಿ ಮನೆಗಿಂತ ಪಬ್ಲಿಕ್ ಲೈಬ್ರರಿ ವಾಸಿ.

ಖಾಸಗಿ ಕಡೆ ಸೇರಿಸಿದರೆ ತೆರಿಗೆಯಲ್ಲಿ ಏನಾದರೂ ಸಿಗುತ್ತದಾ?

13 ತುಂಬುವವರೆಗೆ ಮಾತ್ರ. ಅನೇಕ ಮಕ್ಕಳಿಗೆ 7ನೇ ತರಗತಿಯ ನಡುವೆ 13 ತುಂಬುತ್ತದೆ, ಹುಟ್ಟುಹಬ್ಬದ ನಂತರದ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಚೈಲ್ಡ್ ಕೇರ್ ಕ್ರೆಡಿಟ್‌ಗೆ ಒಂದು ಮಗುವಿಗೆ ವರ್ಷಕ್ಕೆ 3,000, ಇಬ್ಬರು ಅಥವಾ ಹೆಚ್ಚಿದ್ದರೆ 6,000 ಡಾಲರ್‌ವರೆಗಿನ ಖರ್ಚು ಪರಿಗಣಿಸುತ್ತಾರೆ. ಕಂಪನಿಯ ಡಿಪೆಂಡೆಂಟ್ ಕೇರ್ ಎಫ್.ಎಸ್.ಎ. (ಮಕ್ಕಳ ಆರೈಕೆಗೆ ಸಂಬಳದಿಂದ ತೆರಿಗೆಯಿಲ್ಲದೆ ತೆಗೆದಿಡುವ ಹಣ) ಮಿತಿ 5,000 ಇದ್ದದ್ದು 2026ರಿಂದ 7,500. ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿರಬೇಕು, ಇಲ್ಲವೇ ಒಬ್ಬರು ಆ ವರ್ಷ ಸ್ವಲ್ಪವಾದರೂ ದುಡಿದು ಕೆಲಸ ಹುಡುಕುತ್ತಿರಬೇಕು ಅಥವಾ ಪೂರ್ಣಾವಧಿ ಓದುತ್ತಿರಬೇಕು. ಕೆಲಸದ ಪರವಾನಗಿಯಿಲ್ಲದೆ ಎಚ್-4ನಲ್ಲಿ (ಎಚ್-1ಬಿಯವರ ಸಂಗಾತಿಯ ವೀಸಾ) ಮನೆಯಲ್ಲಿರುವವರು ಇದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಟ್ಯೂಷನ್ ಫೀ ಇದಕ್ಕೆ ಬರುವುದಿಲ್ಲ, ಮಗುವನ್ನು ನೋಡಿಕೊಳ್ಳುವ ಖರ್ಚು ಮಾತ್ರ. ಒಂದೇ ರಸೀದಿಯಲ್ಲಿ ಎರಡೂ ಇದ್ದರೆ ಬೇರೆ ಬೇರೆ ಬರೆಸಿಕೊಳ್ಳಿ.

ಊರಿಂದ ಬಂದ ತಾತ ಮಗುವನ್ನು ಬೇಗ ಕರೆದುಕೊಂಡು ಬಂದರೆ ತೊಂದರೆಯಿಲ್ಲ ತಾನೇ?

ಮೊದಲು ಎಮರ್ಜೆನ್ಸಿ ಕಾರ್ಡ್‌ನಲ್ಲಿ ಅವರ ಹೆಸರು ಸೇರಿಸಿ, ಗುರುತಿಗೆ ಪಾಸ್‌ಪೋರ್ಟ್ ನಡೆಯುತ್ತದಾ ಎಂದು ಕೋಆರ್ಡಿನೇಟರ್‌ಗೆ ಕೇಳಿಟ್ಟುಕೊಳ್ಳಿ. ಸಹಿ ಮಾಡುವಾಗ ಸಮಯ ಬರೆಯಲೇಬೇಕು. 6ಕ್ಕೆ ಮೊದಲು ಹೊರಟರೆ ಬೇಗ ಹೋಗುವ ಕಾರಣದ ಕೋಡ್ ಅನ್ನೂ ಬರೆಯಿರಿ: ಕ್ರೀಡೆ, ಡಾಕ್ಟರ್, ಕತ್ತಲಾಗುವ ಮೊದಲು ನಡೆದು ಹೋಗುವುದು, ಹೀಗೆ ಕಾರ್ಯಕ್ರಮದ ನೀತಿಯಲ್ಲಿ ಪಟ್ಟಿ ಇರುತ್ತದೆ. ಸಹಿಯೋ ಸಮಯವೋ ಕೋಡೋ ಬಿಟ್ಟುಹೋದರೆ ಆಡಿಟ್‌ನಲ್ಲಿ ಆ ದಿನದ ಹಾಜರಿ ತಳ್ಳಿಹೋಗಬಹುದು. ಆ ಮಗುವಿನ 10.18 ಡಾಲರ್ ಜತೆಗೇ ಹೋಗುತ್ತದೆ.